ಶೆಪರ್ಡ್‌ನ ಚೀಲ ಮತ್ತು ನಾಲಿಗೆ

ಓದುಗರ ಪತ್ರದ ಸಾರ: ‘ಮಾಸ್ ಎಫೆಕ್ಟ್’ ವಿಡಿಯೊ ಗೇಮ್ ಸರಣಿಯಲ್ಲಿ ಶೆಪರ್ಡ್ ಎಂಬ ನಾಯಕನಾಗಿ ಮೊದಲ ಭಾಗ ಮುಗಿಸಿ, ಎರಡನೆಯದನ್ನು ಅರ್ಧಕ್ಕೆ ನಿಲ್ಲಿಸಿದ್ದೇನೆ. ಬಂದೂಕು, ಕವಚಗಳ ಚೀಲ ಮಾಯವಾಗಿದೆ. ಗ್ರಹಗಳ ಮೇಲೆ ಓಡಿಸುತ್ತಿದ್ದ ಮಾಕೋ ವಾಹನವಿಲ್ಲ. ಕೌಶಲಗಳ ಪಟ್ಟಿಗೂ ಕತ್ತರಿ ಬಿದ್ದಿದೆ. ರೋಲ್‌ಪ್ಲೇಯಿಂಗ್ (ಪಾತ್ರ ನಿರ್ವಹಿಸುವ) ಆಟವನ್ನು ಬರೀ ಗುಂಡು ಹಾರಿಸುವ ಆಟವಾಗಿಸಿದ್ದನ್ನು ಎಲ್ಲರೂ ಹೊಗಳುವುದೇಕೆ? ಇದನ್ನು ಮುಂದುವರಿಸಬೇಕೇ?

ಸಂಪಾದಕರ ಉತ್ತರ:

ಮುಂದುವರಿಸಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ, ಗುರಿ ಮಾತ್ರ ತಪ್ಪಿದೆ.

ಚೀಲದ ಅಳಲು ನನಗೆ ಅರ್ಥವಾಗುವುದಿಲ್ಲ. 2007ರ ಆಟದಲ್ಲಿ ಅದರ ಮಿತಿ 150 ವಸ್ತುಗಳು. ಹೆಸರು ಒಂದೇ ಇದ್ದು ಕೊನೆಯ ರೋಮನ್ ಅಂಕಿ ಮಾತ್ರ ಬದಲಾಗುವ ಬಂದೂಕುಗಳನ್ನು ಗುಡ್ಡೆ ಹಾಕಿಕೊಂಡು, ಚೀಲ ತುಂಬಿದಾಗ ಅವನ್ನು ಓಮ್ನಿ-ಜೆಲ್ ಎಂಬ ಬಹೂಪಯೋಗಿ ದ್ರವ್ಯವಾಗಿ ಕರಗಿಸುತ್ತ ಕೂರುವುದು ಉಗ್ರಾಣದ ಗುಮಾಸ್ತಿಕೆಯೇ ಹೊರತು ಪಾತ್ರ ನಿರ್ವಹಣೆಯಲ್ಲ. ಬಯೋವೇರ್ ಸಂಸ್ಥೆ 2010ರಲ್ಲಿ ಅದನ್ನು ಕಿತ್ತೆಸೆದದ್ದು ಒಳ್ಳೆಯದೇ ಆಯಿತು. ಮಾಕೋ ವಿಷಯದಲ್ಲಿ ಮಾತ್ರ ನಾನು ನಿಮ್ಮ ಕಡೆ. ಬೆಟ್ಟ ಹತ್ತಿಸುವಾಗ ಅದು ಎಷ್ಟೇ ಸತಾಯಿಸಲಿ, ಯಾರೂ ಇಲ್ಲದ ಗ್ರಹದ ಮೇಲೆ ನಿಂತು ಆಕಾಶ ನೋಡುವ ಅವಕಾಶವನ್ನಾದರೂ ಕೊಡುತ್ತಿತ್ತು. ಎರಡನೆಯದರಲ್ಲಿ ಬಹುಪಾಲು ಗ್ರಹಗಳು ಮೇಲಿನಿಂದ ಸ್ಕ್ಯಾನ್ ಮಾಡಿ ಖನಿಜ ಎತ್ತುವ ಗೋಳಗಳಷ್ಟೆ.

ಇನ್ನು ಬಂದೂಕಿನ ಮಾತು. ಮೊದಲ ಆಟದ ಬಂದೂಕು ಒಳಗಿನ ಲೋಹದ ಗಟ್ಟಿಯಿಂದ ಚೂರು ಕೆರೆದು ಹಾರಿಸುತ್ತದೆ, ಗುಂಡು ತೀರುವ ಪ್ರಶ್ನೆಯೇ ಇಲ್ಲ, ಬಿಸಿಯೇರಿದರೆ ತುಸು ಕಾಯಬೇಕು ಅಷ್ಟೆ. ಕಥೆಯ ವಿಜ್ಞಾನಕ್ಕೆ ಒಪ್ಪುವ ಸೊಗಸಾದ ಕಲ್ಪನೆ ಅದು. ಎರಡನೆಯದರಲ್ಲಿ ಬಂದೂಕಿನ ಬಿಸಿ ಹೀರಿಕೊಳ್ಳುವ, ತೀರಿದರೆ ಗುಂಡೇ ಹಾರದ ‘ಥರ್ಮಲ್ ಕ್ಲಿಪ್’ ಬಂತು. ಹೊಸ ತಂತ್ರಜ್ಞಾನ ಎಂಬ ಸಮಜಾಯಿಷಿಯೂ ಬಂತು. ಆದರೆ ನಿಮ್ಮ ಸಂಗಾತಿ ಜೇಕಬ್‌ನ ತಂದೆಯನ್ನು ಹುಡುಕಿಕೊಂಡು ಹೋಗುವ ಗ್ರಹ ಇದೆಯಲ್ಲ, ಅಲ್ಲಿ ಹತ್ತು ವರ್ಷದಿಂದ ಹೊರಜಗತ್ತಿನ ಸಂಪರ್ಕವೇ ಇಲ್ಲದವರ ಕಾಲಬುಡದಲ್ಲೂ ಈ ಕ್ಲಿಪ್ ಬಿದ್ದಿರುತ್ತದೆ! ಆ ಹಂತ ಬಂದಾಗ ನಕ್ಕುಬಿಡಿ.

ನಿಜವಾದ ನಷ್ಟವನ್ನು ನೀವು ಹೆಸರಿಸಿಲ್ಲ. ಮೊದಲ ಆಟದಲ್ಲಿ ಮನವೊಲಿಸುವುದೂ ಹೆದರಿಸುವುದೂ ಕೌಶಲಗಳ ಪಟ್ಟಿಯಲ್ಲೇ ಇದ್ದವು. ಬಂದೂಕಿಗೆ ಹಾಕಬಹುದಾದ ಅಂಕವನ್ನು ನಾಲಿಗೆಗೆ ಹಾಕಬೇಕಿತ್ತು. ವರ್ಮೈರ್ ಗ್ರಹದಲ್ಲಿ ನಿಮ್ಮ ಸಂಗಾತಿ, ಕ್ರೋಗನ್ ಜನಾಂಗದ ರೆಕ್ಸ್ ನಿಮ್ಮೆದುರು ಬಂದೂಕು ಹಿಡಿದು ನಿಂತಾಗ, ಆ ಅಂಕಗಳಿದ್ದರೆ ಅಥವಾ ಅವನ ಮನೆತನದ ಕವಚ ಹುಡುಕಿ ಕೊಟ್ಟಿದ್ದರೆ ಅವನು ಉಳಿಯುತ್ತಾನೆ, ಇಲ್ಲದಿದ್ದರೆ ಸಾಯುತ್ತಾನೆ. ಎರಡನೆಯದರಲ್ಲಿ ನಾಲಿಗೆಗೆ ಅಂಕ ಹಾಕುವ ಈ ಆಯ್ಕೆಯೇ ಇಲ್ಲ. ಪ್ಯಾರಗಾನ್ (ಕರುಣೆಯದು) ಅಥವಾ ರೆನಿಗೇಡ್ (ಕಾಠಿಣ್ಯದ್ದು), ಯಾವುದಾದರೊಂದು ದಾರಿಯನ್ನು ಬಿಡದೆ ಹಿಡಿದವರಿಗೆ ಮಾತ್ರ ಕಠಿಣ ಸಂದರ್ಭಗಳಲ್ಲಿ ಮಾತು ಫಲಿಸುತ್ತದೆ. ಸಂದರ್ಭ ನೋಡಿ ಒಮ್ಮೆ ಕರುಣೆ, ಒಮ್ಮೆ ಕಾಠಿಣ್ಯ ತೋರಿದವರು ಸಂಗಾತಿಗಳಾದ ಮಿರಾಂಡಾ–ಜ್ಯಾಕ್ ಜಗಳದಲ್ಲಿ ಬಾಯಿ ಕಟ್ಟಿದವರಂತೆ ನಿಲ್ಲಬೇಕಾಗುತ್ತದೆ. ಪಾತ್ರ ನಿರ್ವಹಣೆ ಬಡವಾದದ್ದು ಇಲ್ಲಿ.

ಹಾಗಿದ್ದೂ ಎರಡನೆಯದನ್ನು ನಾನು ಮೇಲಿಡುವುದು ಅದರ ಮನುಷ್ಯರಿಗಾಗಿ, ಮನುಷ್ಯರಲ್ಲದವರಿಗಾಗಿಯೂ ಅನ್ನಿ. ಮೊದಲ ಆಟದಲ್ಲಿ ‘ಜೆನೋಫೇಜ್’ ಬಗ್ಗೆ ಕೇಳಿದ್ದೀರಿ: ಕ್ರೋಗನ್ ಜನಾಂಗದ ಸಂತಾನಶಕ್ತಿಯನ್ನು ಕುಗ್ಗಿಸಿದ ಜೈವಿಕ ಅಸ್ತ್ರ. ಅಲ್ಲಿ ಅದು ಇತಿಹಾಸದ ಪಾಠ. ಇಲ್ಲಿ ಅದನ್ನು ಕೈಯಾರೆ ತಿದ್ದಿ ಬಲಪಡಿಸಿದ ವಿಜ್ಞಾನಿಗಳಲ್ಲೊಬ್ಬ, ಮೋರ್ಡಿನ್, ನಿಮ್ಮದೇ ಬಾಹ್ಯಾಕಾಶ ಹಡಗಿನಲ್ಲಿದ್ದಾನೆ. ಅರಳು ಹುರಿದಂತೆ ಮಾತಾಡುವ, ಲೆಕ್ಕ ಸರಿಯಾಗಿತ್ತೆಂದು ವಾದಿಸುವ ಆಸಾಮಿ. ಕ್ರೋಗನ್‌ರ ತಾಯ್ನೆಲವಾದ ಟುಚಾಂಕಾದ ಪಾಳು ಆಸ್ಪತ್ರೆಯಲ್ಲಿ, ಪ್ರಯೋಗಕ್ಕೆ ಒಪ್ಪಿ ಸತ್ತ ಕ್ರೋಗನ್ ಹೆಣ್ಣೊಬ್ಬಳ ಶವದ ಮುಂದೆ ಅವನ ಮಾತಿನ ವೇಗ ತಗ್ಗುತ್ತದೆ. ಆದರೂ ತಾನು ಮಾಡಿದ್ದು ತಪ್ಪೆಂದು ಒಪ್ಪುವುದಿಲ್ಲ. ನೀವು ಅವನೊಂದಿಗೆ ವಾದಕ್ಕಿಳಿಯಬಹುದು, ಗೆಲ್ಲುವುದು ಕಷ್ಟ. ಅದೇ ಗ್ರಹದಲ್ಲಿ, ನೀವು ಉಳಿಸಿದ್ದರೆ, ರೆಕ್ಸ್ ಕುಲದ ನಾಯಕನಾಗಿ ಕುಳಿತಿರುತ್ತಾನೆ. ಉಳಿಸಿರದಿದ್ದರೆ ಆ ಪೀಠದಲ್ಲಿ ಮತ್ತೊಬ್ಬ. ನೀವು ನಾಲಿಗೆಗೆ ಹಾಕಿದ ಅಂಕ ಎರಡನೇ ಆಟಕ್ಕೂ ದಾಟಿ ಬಂದಿರುತ್ತದೆ.

ಮುಖ್ಯ ಕಥೆ ಮಾತ್ರ ತೆಳು. ನಾಗರಿಕತೆಗಳನ್ನೇ ಅಳಿಸುವ ಯಂತ್ರಜೀವಿಗಳಾದ ರೀಪರ್‌ಗಳು ಬರುತ್ತಿದ್ದಾರೆ ಎಂಬಲ್ಲಿಗೆ ಮೊದಲ ಆಟ ನಿಂತಿತ್ತು. ಎರಡನೆಯದು ಆರಂಭದಲ್ಲೇ ಶೆಪರ್ಡ್‌ನನ್ನು ಕೊಂದು, ಎರಡು ವರ್ಷದ ನಂತರ ಸರ್ಬೆರಸ್ ಎಂಬ ರಹಸ್ಯ ಸಂಘಟನೆಯ ಕೈಯಿಂದ ಬದುಕಿಸಿ, ಮನುಷ್ಯರನ್ನು ಅಪಹರಿಸುವ ಕಲೆಕ್ಟರ್‌ಗಳ ಬೆನ್ನು ಹತ್ತಿಸುತ್ತದೆ. ಮೊದಲ ಆಟದಲ್ಲಿ ನೀವು ಪ್ರಾಣ ಉಳಿಸಿದ ಗ್ಯಾಲಕ್ಸಿಯ ಆಡಳಿತ ಮಂಡಳಿಯ, ಟ್ಯೂರಿಯನ್ ಜನಾಂಗದ ಸದಸ್ಯನೇ ಗಾಳಿಯಲ್ಲಿ ಬೆರಳಾಡಿಸಿ ಉದ್ಧರಣ ಚಿಹ್ನೆ ಹಾಕುತ್ತ ‘ರೀಪರ್’ ಎಂದು ಗೇಲಿ ಮಾಡುತ್ತಾನೆ. ಒಳ್ಳೆಯ ಆಟ ಹೌದು, ಒಳ್ಳೆಯ ಉತ್ತರಭಾಗ ಅಲ್ಲ.

ನಿಲ್ಲಿಸಿದಲ್ಲಿಂದ ಶುರು ಮಾಡುವಾಗ ಎರಡು ಮಾತು ನೆನಪಿಡಿ. ಬೇಸರವಾದರೂ ಖನಿಜ ಕೂಡಿಸಿ ಹಡಗಿನ ಕವಚ, ಗುರಾಣಿ, ಫಿರಂಗಿ ಮೂರನ್ನೂ ಸುಧಾರಿಸಿಕೊಳ್ಳಿ. ಇಲ್ಲದಿದ್ದರೆ ಕೊನೆಯ ಪಯಣದಲ್ಲಿ ಹೋರಾಟ ಶುರುವಾಗುವ ಮೊದಲೇ ಸಂಗಾತಿಗಳು ಸಾಯುತ್ತಾರೆ. ಹಡಗಿನ ಸಿಬ್ಬಂದಿಗೆ ಅಪಾಯ ಒದಗಿದ ಮೇಲಂತೂ ಬೇರೆ ಗ್ರಹಗಳಲ್ಲಿ ಅಡ್ಡಾಡುತ್ತ ಕೂರಬೇಡಿ. ಇತರ ಆಟಗಳು ಕಾಯುವಂತೆ ಇದು ನಿಮಗಾಗಿ ಕಾಯುವುದಿಲ್ಲ.