ಲೈಟ್ ಕರ್ಟನ್ ಸುಮ್ನೆ ಸುಮ್ನೆ ಟ್ರಿಪ್ ಆಗ್ತಿದೆ, ಅಲೈನ್ ಮಾಡೋದು ಹೇಗೆ?

ಪವರ್ ಪ್ರೆಸ್‌ಗೆ (ತಗಡು ಒತ್ತುವ ಮೆಷಿನ್) ಹೊಸ ಲೈಟ್ ಕರ್ಟನ್, ಅಂದರೆ ಕೈ ಅಡ್ಡ ಬಂದರೆ ಮೆಷಿನ್ ನಿಲ್ಲಿಸುವ ಕಿರಣಗಳ ಪರದೆ, ಹಾಕಿಸಿದ್ದೀರಿ, ಕೈ ಇಡದಿದ್ದರೂ ಮೆಷಿನ್ ನಿಲ್ಲುತ್ತೆ ಅಂದಿದ್ದೀರಿ. ನಾನು ಹೊಸೂರು ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಒಂದು ಪ್ರೆಸ್ ಶಾಪಿನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಈ ಕಾಟ ನಮಗೂ ಇತ್ತು.

ಮೊದಲು ಪ್ರೆಸ್ ಯಾವುದು ನೋಡಿ. ಹಳೇ ಪಿನ್ ಕ್ಲಚ್ ಪ್ರೆಸ್ ಆದರೆ ಕರ್ಟನ್ ಬಿಟ್ಟುಬಿಡಿ. ಪಿನ್ ಒಮ್ಮೆ ಕಚ್ಚಿಕೊಂಡರೆ ಸುತ್ತು ಮುಗಿಯುವ ತನಕ ಅದು ನಿಲ್ಲಲ್ಲ.

ಅಲೈನ್‌ಮೆಂಟ್ ಕಷ್ಟವಿಲ್ಲ. ಕಿರಣ ಬಿಡುವ ಕಂಬ, ಅದನ್ನು ಹಿಡಿಯುವ ಕಂಬ (ರಿಸೀವರ್) ಎರಡೂ ಒಂದೇ ಎತ್ತರಕ್ಕಿರಲಿ, ಕೇಬಲ್ ತುದಿ ಎರಡರದ್ದೂ ಒಂದೇ ಕಡೆ. ರಸಮಟ್ಟ ಇಟ್ಟು ನೇರ ಮಾಡಿ. ರಿಸೀವರನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿ, ಅದರ ದೀಪ ಕೆಂಪಾದಲ್ಲಿ ಪೆನ್ಸಿಲ್ ಗುರುತು. ಬಲಕ್ಕೂ ಹಾಗೇ. ನಡುವೆ ನಿಲ್ಲಿಸಿ ಬಿಗಿಯಿರಿ. ಹಸಿರು ಬಂದ ತಕ್ಷಣ ಬಿಗಿದರೆ ಅಂಚಿನಲ್ಲೇ ನಿಂತಿರುತ್ತೆ, ನಾಲ್ಕು ಏಟಿನ ಅದುರಿಗೆ ತಪ್ಪಿಹೋಗುತ್ತೆ. ನಿಮ್ಮಲ್ಲೂ ಇದೇ ಇರಬಹುದು. ಗಾಜಿನ ಮೇಲಿನ ಎಣ್ಣೆಯನ್ನೂ ಒರೆಸಿ.

ಜಾಸ್ತಿ ಜನ ತಪ್ಪೋದು ಕರ್ಟನ್‌ಗೂ ಪ್ರೆಸ್‌ನ ಅಪಾಯದ ಜಾಗಕ್ಕೂ ನಡುವೆ ಬಿಡುವ ದೂರದಲ್ಲಿ. ಈ ದೂರಕ್ಕಿರುವ ಐಎಸ್‌ಓ 13855 ಮಾನದಂಡದ ಲೆಕ್ಕದಲ್ಲಿ ಕೈ ಸೆಕೆಂಡಿಗೆ 2000 ಎಂಎಂ ಓಡುತ್ತೆ. ಕರ್ಟನ್, ರಿಲೇ, ಬ್ರೇಕ್ ಎಲ್ಲ ಸೇರಿ ನಿಲ್ಲೋಕೆ 0.2 ಸೆಕೆಂಡ್ ಬೇಕಾದರೆ 400 ಎಂಎಂ. 14 ಎಂಎಂ ರೆಸಲ್ಯೂಷನ್‌ಗೆ (ಕರ್ಟನ್ ಗುರುತಿಸುವ ಅತಿ ಸಣ್ಣ ವಸ್ತುವಿನ ದಪ್ಪ) ಅಷ್ಟು ಸಾಕು. 30 ಎಂಎಂ ಕರ್ಟನ್‌ಗೆ ಇನ್ನೂ 128 ಸೇರಿಸಿ. ಮೊತ್ತ 500 ದಾಟಿದರೆ 2000ದ ಬದಲು 1600 ಹಾಕಿ ಮತ್ತೆ ಲೆಕ್ಕ ಹಾಕಬಹುದು, ಆದರೆ 500ಕ್ಕಿಂತ ಕೆಳಗೆ ಇಳಿಸಬೇಡಿ. ನಿಲ್ಲುವ ಸಮಯವನ್ನು ಸ್ಟಾಪ್ ಟೈಮ್ ಮೀಟರ್‌ನಿಂದ ಅಳೆಸಿ. ಬ್ರೇಕ್ ಲೈನಿಂಗ್ ಸವೆದಂತೆ ಅದು ಬೆಳೆಯುತ್ತೆ.

ನಮ್ಮಲ್ಲಿ ಪದೇ ಪದೇ ಟ್ರಿಪ್ ಆದಾಗ ಆಪರೇಟರ್ "ಜಂಪರ್ ಹಾಕ್ಬಿಡಣ್ಣ, ಟಾರ್ಗೆಟ್ ಆಗ್ಬೇಕು" ಅಂದ. ಕರ್ಟನ್ನನ್ನೇ ತಪ್ಪಿಸುವ ಆ ತಂತಿ ಹಾಕಲಿಲ್ಲ. ಅಲೈನ್ ಮಾಡಿ ಹಸಿರೂ ಬಂತು. ಸುಮ್ನೆ ಒಮ್ಮೆ ಕರ್ಟನ್ ಪರೀಕ್ಷಿಸುವ ಟೆಸ್ಟ್ ರಾಡನ್ನು ಕಿರಣಗಳಿಗೆ ಅಡ್ಡ ಹಿಡಿದು ಮೇಲಿಂದ ಕೆಳಕ್ಕೆ ಎಳೆದೆ. ಮೇಲೆ ಕೆಂಪು, ನಡುವೆ ಕೆಂಪು, ಕೆಳಗೆ ಬಂದಾಗ ಹಸಿರು! ರಾಡ್ ಅಡ್ಡ ಇದೆ, ದೀಪ ಹಸಿರೇ. ಪಕ್ಕದಲ್ಲಿ ಹೊಳೆಯುವ ಸ್ಟೀಲ್ ಟ್ರೇ ಇತ್ತು, ಕಿರಣ ಅದಕ್ಕೆ ಬಡಿದು ರಾಡನ್ನು ಬಳಸಿಕೊಂಡು ರಿಸೀವರ್ ಸೇರುತ್ತಿತ್ತು. ಟೈಪ್ 4 (ಅತಿ ಹೆಚ್ಚು ಸುರಕ್ಷತೆಯ ದರ್ಜೆ) ಕರ್ಟನ್‌ಗೆ, ಕಂಬಗಳ ನಡುವೆ 3 ಮೀಟರ್ ತನಕ, ಅಂಥ ಹೊಳಪು ಕಿರಣದಿಂದ ಕನಿಷ್ಠ 131 ಎಂಎಂ ದೂರ ಇರಬೇಕು. ಟ್ರೇಯನ್ನು ಒಂದಡಿ ಆಚೆ ಸರಿಸಿ ನೆಲಕ್ಕೆ ಹಳದಿ ಗೆರೆ ಬಳಿದೆವು. ಈಗ ಪ್ರತಿ ಶಿಫ್ಟ್ ಶುರುವಿಗೆ ಜಂಪರ್ ಕೇಳಿದ ಅದೇ ಹುಡುಗ ರಾಡ್ ಎಳೆದು ನೋಡುತ್ತಾನೆ.