ತಂತಿ ಕಿತ್ತುಹಾಕಬೇಡಿ

ಮುಂಬೈ ಹತ್ತಿರದ ಡೊಂಬಿವಲಿಯ ಓದುಗರೊಬ್ಬರ ಪತ್ರ: "ನಮ್ಮ ಸೊಸೈಟಿಯಲ್ಲಿ ಒಂದೇ ಬ್ರಾಡ್‌ಬ್ಯಾಂಡ್ ಕಂಪನಿಗೆ ಅವಕಾಶ. ರಾತ್ರಿ ಎಂಟಾದರೆ ನೆಟ್ ಕುಂಟುತ್ತದೆ. ಕಳೆದ ವಾರ ಮಗಳ ಆನ್‌ಲೈನ್ ಸಂದರ್ಶನ ಅರ್ಧಕ್ಕೇ ನಿಂತಿತು. ಇದನ್ನು ತೆಗೆಸಿ ಮೊಬೈಲ್ ಡೇಟಾದಲ್ಲೇ ಇದ್ದುಬಿಡೋಣ ಅಂತಿದ್ದೇನೆ. ಸರಿ ಅಲ್ವಾ ಸರ್?"

ಸಂಪಾದಕರ ಉತ್ತರ:

ಸರಿ ಅಲ್ಲ ಸ್ವಾಮಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಗುತ್ತದೆ. ಮಗಳ ವಿಷಯ ಓದಿ ನನಗೂ ಬೇಜಾರಾಯಿತು, ಆದರೆ ಸಿಟ್ಟನ್ನು ತಂತಿಯ ಮೇಲೆ ತೀರಿಸಿಕೊಳ್ಳಬೇಡಿ.

ಮೊಬೈಲ್ ಡೇಟಾ ಅಗ್ಗವಾದದ್ದು ನಿಜ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಊರಲ್ಲಿರುವ ಅಮ್ಮನ ಮುಖ ದಿನಾ ನೋಡುವ ಹಾಗಾಯಿತು, ಒಪ್ಪುತ್ತೇನೆ. ಆದರೆ ಟವರ್ ಇಡೀ ಏರಿಯಾದ್ದು. ಸಂಜೆ ಲೋಕಲ್ ರೈಲು ಇಳಿದ ಜನವೆಲ್ಲ ಮನೆ ಸೇರಿ ಫೋನ್ ಹಿಡಿದರೆ ನಿಮ್ಮ ಪಾಲಿಗೆ ಉಳಿಯುವುದೆಷ್ಟು? ಮನೆಗೆ ಬರುವ ಗಾಜಿನ ತಂತಿಯನ್ನೂ, ಅಂದರೆ ಫೈಬರನ್ನೂ ಹಂಚುತ್ತಾರೆ, ಸಾಮಾನ್ಯವಾಗಿ ಒಂದು ಎಳೆ 32 ಇಲ್ಲವೇ 64 ಮನೆಗೆ. ಆದರೂ ಅದರ ತಾಕತ್ತೇ ಬೇರೆ.

ಹೋದ ಮಳೆಗಾಲದಲ್ಲಿ ನಮ್ಮ ಮುಲುಂಡ್ ಕಚೇರಿಯ ಫೈಬರ್ ತುಂಡಾಯಿತು, ಅದೂ ಪುಟಗಳನ್ನು ಪ್ರೆಸ್ಸಿಗೆ ಕಳಿಸುವ ದಿನವೇ. ರಿಪೇರಿಗೆ ಬಂದವನು ವಿಜಯಪುರದ ಕಡೆಯ ಹುಡುಗ. ಮೆಟ್ಟಿಲ ಮೇಲೆ ಕೂತು, ಕೂದಲಿನಷ್ಟು ಸಣ್ಣ ಗಾಜಿನ ಎಳೆಯ ಸಿಪ್ಪೆ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ತುದಿಯನ್ನು ನೇರ ಕತ್ತರಿಸಿ, ಎಳೆ ಬೆಸೆಯುವ ಸ್ಪ್ಲೈಸಿಂಗ್ ಮಷೀನಿನ ಪುಟ್ಟ ಪರದೆಯಲ್ಲಿ ಎರಡು ತುದಿಗಳು ಎದುರುಬದುರಾಗುವುದನ್ನೇ ನೋಡುತ್ತಿದ್ದ. ಒಂದು ಕಿಡಿ, ಬೆಸುಗೆ ಬಿತ್ತು. ಒಳಗೆ ಮೋಡೆಮ್ಮಿನ ಕೆಂಪು ದೀಪ ಆರಿತು. ಆ ಕೈಗಳಿಗೆ ನಮಸ್ಕಾರ ಮಾಡಬೇಕು ಅನಿಸಿತು. ತುಂಡಾದದ್ದು ಹೇಗಪ್ಪಾ ಅಂದೆ. "ಬ್ಯಾರೆ ಕಂಪನಿಯವ್ರು ಕತ್ತರಿಸ್ಯಾರ್ರೀ ಸರ, ಡಕ್ಟಿನ್ಯಾಗ ಜಾಗದ ಜಗಳ."

ಡಕ್ಟ್ ಅಂದರೆ ಬಿಲ್ಡಿಂಗಿನೊಳಗೆ ತಂತಿ ಹಾಯಿಸುವ ದಾರಿ. ನಿಮ್ಮ ಕಾಯಿಲೆಯೂ ಆ ಡಕ್ಟಿನಲ್ಲೇ ಇದೆ. ದೇಶಕ್ಕೆ ಇಂಟರ್‌ನೆಟ್ ತರುವ ಸಮುದ್ರದಡಿಯ ಕೇಬಲ್‌ಗಳಲ್ಲಿ ಹಲವು ನಮ್ಮ ಮುಂಬೈನ ವರ್ಸೋವಾದಲ್ಲೇ ದಡ ಹತ್ತುತ್ತವೆ. ಸಮುದ್ರ ದಾಟಿ ಬಂದದ್ದು ನಿಮ್ಮ ಗೇಟಿನಲ್ಲಿ ಸಿಕ್ಕಿಬೀಳುತ್ತದೆ. ಯಾಕೆಂದರೆ ಬಿಲ್ಡರ್ರೋ ಕಮಿಟಿಯೋ ಒಬ್ಬರಿಗೇ ಬಾಗಿಲು ತೆರೆದಿದ್ದಾರೆ. ಎದುರಾಳಿ ಇಲ್ಲದವನು ರಾತ್ರಿಯ ನೂಕುನುಗ್ಗಲಿಗೆ ಅಂತ ಖರ್ಚು ಯಾಕೆ ಮಾಡುತ್ತಾನೆ? ನಿಮ್ಮನ್ನೂ ಸ್ವಲ್ಪ ಬೈಯುತ್ತೇನೆ. ಸೊಸೈಟಿಯ ವಾರ್ಷಿಕ ಸಭೆಗೆ ನೀವು ಹೋಗಿ ಎಷ್ಟು ವರ್ಷವಾಯಿತು? ನಾವು ಕನ್ನಡದವರು ಸಂಘದ ಸಭೆಗೆ ಸಂಸಾರ ಸಮೇತ ಹೋಗುತ್ತೇವೆ, ಬಿಲ್ಡಿಂಗಿನ ಸಭೆ ಅಂದರೆ ಸುಮ್ನೆ ಮನೆಯಲ್ಲಿ ಕೂರುತ್ತೇವೆ.

ಬ್ರಾಡ್‌ಬ್ಯಾಂಡ್ ಅನ್ನಲು ಸರ್ಕಾರ ಇಟ್ಟ ಅಳತೆಯೂ ಕುಂಟುತ್ತಲೇ ಬಂದಿದೆ. 2004ರ ನೀತಿಯಲ್ಲಿ 256 ಕೆಬಿಪಿಎಸ್ ವೇಗ ಬಂದರೆ ಅದು ಬ್ರಾಡ್‌ಬ್ಯಾಂಡ್. 2013ರಲ್ಲಿ 512 ಆಯಿತು. 2 ಎಂಬಿಪಿಎಸ್, ಅಂದರೆ ಸುಮಾರು 2000 ಕೆಬಿಪಿಎಸ್, ಆಗಲು 2023 ಬರಬೇಕಾಯಿತು! ಮೊಬೈಲಿಗೆ ಹೋದರೂ ಅಷ್ಟೇ, ಅವರ ತಿಂಗಳಿಗೆ 28 ದಿನ, ಹಾಗಾಗಿ ವರ್ಷಕ್ಕೆ 13 ರೀಚಾರ್ಜ್. 30 ದಿನದ ಪ್ಲಾನ್ ಒಂದಾದರೂ ಇಡಿ ಅಂತ 2022ರಲ್ಲಿ ಟೆಲಿಕಾಂ ನಿಯಂತ್ರಕ ಟ್ರಾಯ್ ಹೇಳಿದ ಮೇಲೇ ಅದು ಸಿಕ್ಕಿದ್ದು. 2024ರ ಕೊನೆಗೆ ದೇಶದಲ್ಲಿ ಮೊಬೈಲಿನವರೂ ಸೇರಿ 90 ಕೋಟಿಗೂ ಜಾಸ್ತಿ ಬ್ರಾಡ್‌ಬ್ಯಾಂಡ್ ಗ್ರಾಹಕರಿದ್ದರು, ಅದರಲ್ಲಿ ತಂತಿಯವರು 5 ಕೋಟಿಯೂ ಇರಲಿಲ್ಲ. ಇದ್ದವರೂ ಹೀಗೆ ಬಿಟ್ಟುಹೋದರೆ ಹೊಸ ತಂತಿ ಎಳೆಯುವ ಉಮೇದು ಯಾರಿಗೆ ಬರಬೇಕು?

ಎರಡನೇ ಕಂಪನಿಗೂ ಡಕ್ಟ್ ಬಿಟ್ಟುಕೊಡಿ ಅಂತ ಕಮಿಟಿಗೆ ಅರ್ಜಿ ಕೊಡಿ. ನಿಮ್ಮ ಮಹಡಿಯವರ ಸಹಿ ಹಾಕಿಸಿ. ಸಭೆಯ ತಾರೀಕು ತಿಳಿಸಿದರೆ ಅರ್ಜಿಯನ್ನು ಮರಾಠಿಯಲ್ಲಿ ನಾನೇ ಬರೆದು ಕಳಿಸುತ್ತೇನೆ.