ಪೈಲಟ್‌ಗೆ ಮ್ಯಾನುಯಲ್ ಎಷ್ಟು ಗೊತ್ತಿರಬೇಕು, ನಿದ್ದೆ ಎಷ್ಟು ಸಿಗಬೇಕು?

ಈ ವಾರದ ಪ್ರಶ್ನೆಗಳಿಗೆ ಉತ್ತರ: ನಿವೃತ್ತ ಕ್ಯಾಪ್ಟನ್, ಪೈಲಟ್ ತರಬೇತುದಾರರು

ಪ್ರಶ್ನೆ: ಸರ್, ಸಿಪಿಎಲ್ (ವಾಣಿಜ್ಯ ಪೈಲಟ್ ಲೈಸೆನ್ಸ್) ಮುಗಿಸಿ ಈಗ ಏರ್‌ಬಸ್ ಎ320 ಹಾರಿಸಲು ಬೇಕಾದ ಟೈಪ್ ರೇಟಿಂಗ್ ತರಬೇತಿಗೆ ಸೇರಿದ್ದೇನೆ. ಮ್ಯಾನುಯಲ್ ತೆರೆದರೆ ಸಾವಿರಾರು ಪುಟ. "ಪ್ರಶ್ನೆ ಬ್ಯಾಂಕ್ ಉರು ಹೊಡಿ ಸಾಕು, ಏನಾದ್ರೂ ಕೆಟ್ಟರೆ ಮುಂದೇನು ಅಂತ ಇಕ್ಯಾಮ್ ಪರದೆಯೇ ಹೇಳುತ್ತೆ" ಅಂತಾರೆ ಸೀನಿಯರ್‌ಗಳು. ನಿಜವಾಗಿ ಎಷ್ಟು ಆಳಕ್ಕೆ ಓದಬೇಕು?
– ಟ್ರೇನಿ ಪೈಲಟ್, ದಾವಣಗೆರೆ

ಉತ್ತರ: ನಿಮ್ಮ ಸೀನಿಯರ್‌ಗಳು ಹೇಳಿದ್ದು ಅರ್ಧ ನಿಜ. ಪಂಪ್ ಕೆಟ್ಟರೆ, ಜನರೇಟರ್ ನಿಂತರೆ ಏನು ಮಾಡಬೇಕೆಂದು ಇಕ್ಯಾಮ್, ಅಂದರೆ ಕಾಕ್‌ಪಿಟ್‌ನ ಎಚ್ಚರಿಕೆ ಪರದೆ, ಸಾಲಾಗಿ ತೋರಿಸುತ್ತದೆ. ಆದರೆ ಏನೂ ಕೆಡದೇ ಇದ್ದಾಗ ಅದು ಬಾಯಿ ಬಿಡುವುದಿಲ್ಲ. ವಿಮಾನ ಸರಿಯಾಗೇ ಇದೆ, ಆದರೆ ನೀವು ಅಂದುಕೊಂಡ ಕೆಲಸ ಮಾಡುತ್ತಿಲ್ಲ ಅನ್ನುವ ಹೊತ್ತು ಬರುತ್ತದಲ್ಲ, ಆಗ ನಿಮ್ಮ ತಲೆಯಲ್ಲಿ ಇರುವುದಷ್ಟೇ ನಿಮ್ಮ ಕೈಗೆ ಸಿಗುತ್ತದೆ.

ಇದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ. 1990ರ ಫೆಬ್ರುವರಿ 14ರಂದು ಮುಂಬೈಯಿಂದ ಬೆಂಗಳೂರಿಗೆ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸ್‌ನ ಎ320, ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ತಲುಪುವ ಮೊದಲೇ ಪಕ್ಕದ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. 146 ಜನರಲ್ಲಿ 92 ಜನ ಸತ್ತರು. ವಿಮಾನ ಸಂಸ್ಥೆಯ ಕೈಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಎಂಜಿನ್ ಚೆನ್ನಾಗಿತ್ತು, ಹವಾಮಾನ ಚೆನ್ನಾಗಿತ್ತು.

ಆದದ್ದೇನು? ವಿಮಾನ 'ಓಪನ್ ಡಿಸೆಂಟ್' ಮೋಡ್‌ಗೆ ಹೋಗಿತ್ತು. ಈ ಮೋಡ್‌ನಲ್ಲಿ, ಎಂಜಿನ್ ಶಕ್ತಿಯನ್ನು ತಾನಾಗಿ ಹೊಂದಿಸುವ ಆಟೋಥ್ರಸ್ಟ್ ಎಂಜಿನ್‌ಗಳನ್ನು ಐಡಲ್‌ನಲ್ಲೇ (ಅತಿ ಕಡಿಮೆ ಶಕ್ತಿಯಲ್ಲೇ) ಇಟ್ಟಿರುತ್ತದೆ. ಮೂತಿ ಎತ್ತಿದರೆ ವೇಗ ಇಳಿಯುತ್ತದೆ, ಎಂಜಿನ್ ಸಹಾಯಕ್ಕೆ ಬರುವುದಿಲ್ಲ. ಇಳಿಯುವ ದರವನ್ನು ನಿಮಿಷಕ್ಕೆ 700 ಅಡಿಗೆ ಇಡಲು ಹೋಗಿ, ಪಕ್ಕದಲ್ಲೇ ಇರುವ ಎತ್ತರದ ನಾಬ್ ತಿರುಗಿಸಿರಬಹುದು ಅನ್ನುವುದು ತನಿಖೆಯಲ್ಲಿ ಕಂಡ ಸಾಧ್ಯತೆ. ಆಗಲೂ ದಾರಿ ಇತ್ತು. ಇಬ್ಬರು ಪೈಲಟ್‌ಗಳ ಫ್ಲೈಟ್ ಡೈರೆಕ್ಟರ್‌ಗಳೂ (ಮೂತಿ ಎತ್ತ ತಿರುಗಿಸಬೇಕೆಂದು ಪರದೆಯಲ್ಲಿ ತೋರಿಸುವ ಗೆರೆಗಳು) ಆಫ್ ಆದರೆ ಆಟೋಥ್ರಸ್ಟ್ ತಾನಾಗಿ ವೇಗ ಕಾಯುವ ಮೋಡ್‌ಗೆ ಬರುತ್ತದೆ. ಅವತ್ತು ಒಂದು ಆಫ್ ಆಗಿತ್ತು, ಇನ್ನೊಂದು ಆನ್ ಇತ್ತು. ವಿಮಾನ 400, 300, 200 ಅಂತ ಅಡಿ ಎಣಿಸಿ ಕೂಗುತ್ತಿದ್ದರೂ ಥ್ರಸ್ಟ್ ಲಿವರ್ ಮುಂದಕ್ಕೆ ಹೋಗಿದ್ದು ತಡವಾಗಿ. ಐಡಲ್‌ನಲ್ಲಿರುವ ಜೆಟ್ ಎಂಜಿನ್ ಪೂರ್ತಿ ಶಕ್ತಿಗೆ ಬರಲು ಕೆಲವು ಸೆಕೆಂಡ್ ಬೇಕು. ಅವರ ಹತ್ತಿರ ಆ ಸೆಕೆಂಡುಗಳು ಉಳಿದಿರಲಿಲ್ಲ.

'ಎರಡೂ ಆಫ್ ಆಗಬೇಕು' ಅನ್ನುವುದು ಮ್ಯಾನುಯಲ್‌ನಲ್ಲಿ ಒಂದೇ ಸಾಲು. ಪ್ರಶ್ನೆ ಬ್ಯಾಂಕ್‌ನಲ್ಲಿ ಅದು ಬರಬಹುದು, ಬಾರದೇ ಇರಬಹುದು.

ಹಾಗಂತ ಸಾವಿರಾರು ಪುಟ ಬಾಯಿಪಾಠ ಮಾಡಿ ಅಂತ ಹೇಳುತ್ತಿಲ್ಲ. ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟು: ಒಂದು ನೂರು ಪುಟದ ನೋಟ್‌ಬುಕ್, ಹಸಿರು, ನೀಲಿ, ಹಳದಿ ಮೂರು ಬಣ್ಣದ ಪೆನ್ಸಿಲ್ ತಗೊಳ್ಳಿ. ಎ320ರ ಹೈಡ್ರಾಲಿಕ್ಸ್‌ನಲ್ಲಿ (ದ್ರವದ ಒತ್ತಡದಿಂದ ವಿಮಾನದ ಭಾಗಗಳನ್ನು ಚಲಿಸುವ ವ್ಯವಸ್ಥೆಯಲ್ಲಿ) ಇರುವುದೂ ಇವೇ ಮೂರು, ಗ್ರೀನ್, ಬ್ಲೂ, ಯೆಲ್ಲೋ. ಮೂರರಲ್ಲೂ ಒತ್ತಡ 3000 ಪಿಎಸ್‌ಐ. ಗ್ರೀನ್‌ಗೆ ಒಂದನೇ ಎಂಜಿನ್, ಯೆಲ್ಲೋಗೆ ಎರಡನೇ ಎಂಜಿನ್, ಬ್ಲೂಗೆ ಎಲೆಕ್ಟ್ರಿಕ್ ಪಂಪ್. ಎಲ್ಲವೂ ಹೋದರೆ ಹೊಟ್ಟೆಯಡಿಯಿಂದ ಹೊರಬರುವ ಪುಟ್ಟ ಫ್ಯಾನಿನಂಥ ರ‍್ಯಾಟ್ ಗಾಳಿಗೆ ತಿರುಗಿ ಬ್ಲೂವನ್ನು ಜೀವಂತ ಇಡುತ್ತದೆ. ಪುಸ್ತಕ ಮುಚ್ಚಿ, ನೆನಪಿನಿಂದ ಚಿತ್ರ ಬಿಡಿಸಿ. ಆಮೇಲೆ ಒಂದು ಪಂಪ್ ಮೇಲೆ ಕಾಟು ಹಾಕಿ 'ಈಗ ಏನು ಉಳಿಯಿತು?' ಅಂತ ಕೇಳಿಕೊಳ್ಳಿ. 'ಏನು ಹೋಯಿತು' ಅನ್ನುವುದಕ್ಕಿಂತ ಈ ಪ್ರಶ್ನೆ ಮುಖ್ಯ.

ಎ320ರಲ್ಲಿ ಹೋದವರು ನಿಲ್ದಾಣದಲ್ಲಿ ಕಾಲಡಿಯಿಂದ ನಾಯಿ ಬೊಗಳಿದಂಥ ಸದ್ದು ಕೇಳಿರುತ್ತಾರೆ. ಅದು ಪಿಟಿಯು. ಗ್ರೀನ್ ಮತ್ತು ಯೆಲ್ಲೋ ನಡುವೆ ಒತ್ತಡದ ವ್ಯತ್ಯಾಸ ಜಾಸ್ತಿಯಾದಾಗ ಒಂದರ ಒತ್ತಡದಿಂದ ಇನ್ನೊಂದಕ್ಕೆ ಒತ್ತಡ ಕೊಡುವ ಯಂತ್ರ. ಆ ಸದ್ದು ಕೇಳಿದಾಗಲೆಲ್ಲ ನಿಮ್ಮ ನೋಟ್‌ಬುಕ್ಕಿನ ಚಿತ್ರ ಕಣ್ಮುಂದೆ ಬಂದರೆ ಓದಿದ್ದು ಸರಿಯಾಗಿದೆ ಅಂತ ಅರ್ಥ.

ಸಿಮ್ಯುಲೇಟರ್‌ನಲ್ಲಿ ನಾನು ಮೊದಲ ಸಲ ಗ್ರೀನ್ ಕಳೆದುಕೊಂಡಿದ್ದು ಇನ್ನೂ ನೆನಪಿದೆ. ಗ್ರೀನ್ ಇಲ್ಲದೆ ಚಕ್ರಗಳು ತಾವಾಗಿ ಇಳಿಯುವುದಿಲ್ಲ. ಇಬ್ಬರ ನಡುವೆ ಇರುವ ಹ್ಯಾಂಡಲ್ ಎಳೆದು ಮೂರು ಸುತ್ತು ತಿರುಗಿಸಿದರೆ ಭಾರಕ್ಕೇ ಇಳಿಯುತ್ತವೆ. ಅದನ್ನು ಸರಿಯಾಗಿ ಮಾಡಿದೆ. ಆಮೇಲೆ ಲ್ಯಾಂಡಿಂಗ್ ಸರಿಹೋಗದೆ ಗೋ-ಅರೌಂಡ್ ಮಾಡಿ, ಅಂದರೆ ಇಳಿಯದೆ ಮತ್ತೆ ಮೇಲೇರಿ, ಇನ್ನೊಂದು ಊರಿಗೆ ತಿರುಗಿಸೋಣ ಅಂದೆ. ಇನ್‌ಸ್ಟ್ರಕ್ಟರ್ ಸಿಮ್ಯುಲೇಟರ್ ನಿಲ್ಲಿಸಿದರು. "ಚಕ್ರ ಮೇಲೆ ಹೋಗಲ್ಲ. ಇಷ್ಟು ಗಾಳಿ ಎಳೀತಿರುವಾಗ ಅಲ್ಲಿವರೆಗೆ ಇಂಧನ ಇದೆಯಾ?" ಅಂದರು. ಇರಲಿಲ್ಲ. ಚೆಕ್‌ಲಿಸ್ಟ್‌ನ ಪ್ರತಿ ಸಾಲನ್ನೂ ಮಾಡಿದ್ದೆ, ಅದರ ಮುಂದಿನ ಪರಿಣಾಮ ಯೋಚಿಸಿರಲಿಲ್ಲ.

2009ರ ಜನವರಿ 15ರಂದು ಹಕ್ಕಿ ಹೊಡೆದು ಎರಡೂ ಎಂಜಿನ್ ಶಕ್ತಿ ಕಳೆದುಕೊಂಡ ಎ320 ಹಡ್ಸನ್ ನದಿಯ ಮೇಲೆ ಇಳಿದದ್ದು ನಿಮಗೆ ಗೊತ್ತು. ಕ್ಯಾಪ್ಟನ್ ಸಲನ್‌ಬರ್ಗರ್ ಕೂಡಲೇ ಎಪಿಯು (ಬಾಲದಲ್ಲಿರುವ ಪುಟ್ಟ ಸಹಾಯಕ ಎಂಜಿನ್) ಚಾಲೂ ಮಾಡಿದರು. ಚೆಕ್‌ಲಿಸ್ಟ್‌ನಲ್ಲಿ ಅದು ಬಹಳ ಕೆಳಗಿದ್ದ ಸಾಲು. ಅದರಿಂದ ಕರೆಂಟ್ ಉಳಿಯಿತು, ವಿಮಾನದ ಕಂಪ್ಯೂಟರ್ ರಕ್ಷಣೆ ಪೂರ್ತಿ ಉಳಿಯಿತು. 155 ಜನರೂ ಬದುಕಿದರು.

ಒಂದು ಮಾತು ನಿಯಂತ್ರಕರ ಕಡೆಗೂ ಹೇಳಬೇಕು. ಓದುವುದು ಪೈಲಟ್‌ನ ಕೆಲಸ, ಓದಲು ಕೊಡುವುದು ಅವರ ಕೆಲಸ. ಬೋಯಿಂಗ್ 737 ಮ್ಯಾಕ್ಸ್‌ನ ಎಂಕ್ಯಾಸ್ ಅನ್ನುವ ವ್ಯವಸ್ಥೆ ಒಂದೇ ಸೆನ್ಸರ್ ನಂಬಿ ಮೂತಿ ಕೆಳಗೆ ತಳ್ಳುತ್ತಿತ್ತು. 2018ರ ಅಕ್ಟೋಬರ್‌ನಲ್ಲಿ ಲಯನ್ ಏರ್ ವಿಮಾನ ಬೀಳುವವರೆಗೂ ಪೈಲಟ್‌ಗಳ ಮ್ಯಾನುಯಲ್‌ನಲ್ಲಿ ಅದರ ವಿವರಣೆಯೇ ಇರಲಿಲ್ಲ. ಐದು ತಿಂಗಳಲ್ಲಿ ಇಥಿಯೋಪಿಯನ್ ವಿಮಾನವೂ ಬಿತ್ತು. ಎರಡೂ ಸೇರಿ 346 ಜನ. ಆಗ ಪೈಲಟ್‌ಗಳಿಗೆ ಬಂದ ಸಿಟ್ಟು ನನಗೆ ಇವತ್ತೂ ಇದೆ. ಮಾಹಿತಿ ಜಾಸ್ತಿಯಾದರೆ ಪೈಲಟ್ ಗೊಂದಲಕ್ಕೆ ಬೀಳುತ್ತಾನೆ ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಏರ್‌ಲೈನ್ ಸೇರಲು 1500 ಗಂಟೆ ಹಾರಾಟ ಬೇಕಂತೆ. ನಮ್ಮಲ್ಲಿ ಸಿಪಿಎಲ್‌ಗೆ 200 ಗಂಟೆ ಸಾಕು. ನಮ್ಮ ನಿಯಮ ಸಡಿಲ ಅಲ್ವಾ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಆ ನಿಯಮ ಹುಟ್ಟಿದ್ದು 2009ರ ಫೆಬ್ರುವರಿಯಲ್ಲಿ ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತ ಮೇಲೆ. ಆದರೆ ಆ ಇಬ್ಬರು ಪೈಲಟ್‌ಗಳಿಗೂ 1500ಕ್ಕಿಂತ ಜಾಸ್ತಿ ಗಂಟೆ ಇತ್ತು. ಸ್ಟಾಲ್ (ರೆಕ್ಕೆಗೆ ಎತ್ತುವ ಬಲ ಸಾಲದೆ ವಿಮಾನ ಕುಸಿಯುವುದು) ಎಚ್ಚರಿಕೆ ಬಂದಾಗ ಕ್ಯಾಪ್ಟನ್ ಕಂಟ್ರೋಲನ್ನು ಮುಂದಕ್ಕೆ ತಳ್ಳುವ ಬದಲು ಹಿಂದಕ್ಕೆ ಎಳೆದರು. ಸಹ ಪೈಲಟ್ ಹಿಂದಿನ ರಾತ್ರಿಯೆಲ್ಲ ದೇಶದ ಆ ತುದಿಯಿಂದ ಈ ತುದಿಗೆ ಬೇರೆ ವಿಮಾನಗಳಲ್ಲಿ ಪ್ರಯಾಣ ಮಾಡಿ ಕೆಲಸಕ್ಕೆ ಬಂದಿದ್ದರು. ಗಂಟೆ ಎಣಿಸುವುದು ಸುಲಭ, ಹಾಗಾಗಿ ಕಾನೂನು ಅದನ್ನೇ ಹಿಡಿಯಿತು. ಒಂದೇ ಚಿಕ್ಕ ವಿಮಾನದಲ್ಲಿ ಸುತ್ತು ಹೊಡೆದ ಸಾವಿರ ಗಂಟೆಗಿಂತ, ಒಳ್ಳೆ ಸಿಮ್ಯುಲೇಟರ್‌ನಲ್ಲಿ ಸ್ಟಾಲ್‌ನಿಂದ ಹೊರಬರುವ ಹತ್ತು ಗಂಟೆ ಅಭ್ಯಾಸ ನನಗೆ ಹೆಚ್ಚು. ನಮ್ಮ 200ರ ಮೇಲೆ ಏನು ತರಬೇತಿ ಕಟ್ಟುತ್ತೇವೆ ಅನ್ನುವುದನ್ನು ನೋಡಬೇಕು.

ಪ್ರಶ್ನೆ: ನನ್ನ ಮಗ ಫಸ್ಟ್ ಆಫೀಸರ್. ಹೊಸ ನಿಯಮದಲ್ಲಿ ವಿಶ್ರಾಂತಿ ಜಾಸ್ತಿ ಮಾಡಿದ್ದಾರೆ ಅಂತ ಪೇಪರಿನಲ್ಲಿ ಓದಿದೆ. ಆದರೂ ಮನೆಗೆ ಬಂದಾಗ ಸುಸ್ತಾಗಿ ಮಾತೇ ಆಡಲ್ಲ. ಪೈಲಟ್‌ಗಳ ದೂರು ಏನು?
– ಒಬ್ಬ ತಾಯಿ, ಮೈಸೂರು

ಉತ್ತರ: ಅಮ್ಮಾ, ನಿಯಮ ಸುಧಾರಿಸಿದ್ದು ನಿಜ. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ 2024ರ ಜನವರಿಯಲ್ಲಿ ಹೊಸ ನಿಯಮ ಹೊರಡಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ರಾತ್ರಿ ಲ್ಯಾಂಡಿಂಗ್ ಹೆಚ್ಚೆಂದರೆ ಆರರ ಬದಲು ಎರಡು. ರಾತ್ರಿ ಅಂದರೆ ಬೆಳಗಿನ 5ರವರೆಗೆ ಅಂತ ಇದ್ದದ್ದು 6ರವರೆಗೆ ಆಯಿತು. ಆದರೆ ಜಾರಿಗೆ ಬಂದದ್ದು 2025ರ ಜುಲೈ ಮತ್ತು ನವೆಂಬರ್‌ನಲ್ಲಿ, ಎರಡು ಹಂತದಲ್ಲಿ, ಅದೂ ಪೈಲಟ್‌ಗಳ ಸಂಘಟನೆಗಳು ದೆಹಲಿ ಹೈಕೋರ್ಟ್‌ವರೆಗೆ ಹೋದ ಮೇಲೆ. ಡಿಸೆಂಬರ್‌ನಲ್ಲಿ ಇಂಡಿಗೋದ ಸಾವಿರಾರು ವಿಮಾನ ರದ್ದಾದಾಗ ಕೆಲವು ಷರತ್ತುಗಳಿಗೆ ತಾತ್ಕಾಲಿಕ ವಿನಾಯಿತಿ ಕೊಟ್ಟರು. ತಯಾರಿಗೆ ಸುಮಾರು ಎರಡು ವರ್ಷ ಸಿಕ್ಕಿತ್ತು. ಹಾಗಿದ್ದೂ ಸುರಕ್ಷತೆಯ ನಿಯಮವೇ ಹಿಂದೆ ಸರಿಯಬೇಕಾಗಿ ಬಂದದ್ದು ಸರಿಯಲ್ಲ ಅಂತ ನಾನು ನಂಬುತ್ತೇನೆ.

ಕಾಕ್‌ಪಿಟ್‌ನಲ್ಲಿ ಕೇಳಿಬರುವ ದೂರು ಒಂದೇ: ಮಿತಿ ಅಂತ ಬರೆದದ್ದನ್ನು ರೋಸ್ಟರ್ (ಡ್ಯೂಟಿ ಪಟ್ಟಿ) ಮಾಡುವವರು ಗುರಿ ಮಾಡಿಕೊಂಡಿದ್ದಾರೆ. ಇಂದು ಬೆಳಗಿನ 3ಕ್ಕೆ ಎದ್ದು, ನಾಳೆ ಮಧ್ಯಾಹ್ನ, ನಾಡಿದ್ದು ರಾತ್ರಿಯಿಡೀ. ಕಾಗದದ ಮೇಲೆ ಗಂಟೆಗಳು ಸರಿ ಇರುತ್ತವೆ, ದೇಹಕ್ಕೆ ಮಾತ್ರ ಯಾವುದು ಹಗಲು ಅಂತ ತಿಳಿಯುವುದಿಲ್ಲ.

ಇದನ್ನು ನಾವು ಮಂಗಳೂರಿನಲ್ಲಿ ಕಂಡೆವು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಎಂಟು ಜನ ಉಳಿದರು. ಕಾಕ್‌ಪಿಟ್ ಧ್ವನಿಮುದ್ರಣದ ಮೊದಲ ಒಂದು ಗಂಟೆ 40 ನಿಮಿಷ ಮಾತಿಲ್ಲ, ಕ್ಯಾಪ್ಟನ್‌ರ ಗೊರಕೆ ಕೇಳುತ್ತದೆ. ಎದ್ದ ಮೇಲೂ ನಿದ್ದೆಯ ಮಂಪರು ಬಿಟ್ಟಿರಲಿಲ್ಲ. ಸಹ ಪೈಲಟ್ ಮೂರು ಸಲ ಗೋ-ಅರೌಂಡ್ ಅಂದರೂ ಲ್ಯಾಂಡಿಂಗ್ ಮುಂದುವರಿಯಿತು. ನಿಮ್ಮ ಮಗ ಕೂರುವುದು ಆ ಸಹ ಪೈಲಟ್‌ನ ಸೀಟಿನಲ್ಲೇ.

ಸುಸ್ತಾಗಿದ್ದರೆ ಫಟೀಗ್ ರಿಪೋರ್ಟ್ ಬರೆಯಲು ಅವನಿಗೆ ಹೇಳಿ. ಹೆಸರು ಕೆಡುತ್ತದೆ ಅಂತ ಹುಡುಗರು ಹೆದರುತ್ತಾರೆ, ಆದರೆ ಈಗ ಆ ವರದಿಗಳ ಲೆಕ್ಕವನ್ನು ಸಂಸ್ಥೆಗಳು ಡಿಜಿಸಿಎಗೆ ಮೂರು ತಿಂಗಳಿಗೊಮ್ಮೆ ಕೊಡಬೇಕು. ಇನ್ನು ಮನೆಯಲ್ಲಿ ನೀವು ಮಾಡಬಹುದಾದದ್ದು: ಅವನ ಕೋಣೆಯ ಕಿಟಕಿಗೆ ಬೆಳಕು ತೂರದ ದಪ್ಪ ಪರದೆ ಹಾಕಿಸಿ. ರಾತ್ರಿ ಡ್ಯೂಟಿ ಮುಗಿಸಿ ಬಂದ ದಿನ ಮಿಕ್ಸಿ ಹತ್ತು ಗಂಟೆಯ ಮೇಲೆ ಹಾಕಿ. ತಿಂಡಿಗೆ ಎಬ್ಬಿಸಬೇಡಿ, ಮುಚ್ಚಿಡಿ. ಎದ್ದ ಮೇಲೆ ಅವನೇ ಬಂದು ಮಾತಾಡುತ್ತಾನೆ.